ದೇವರಿಗೆ ಹತ್ತಕ್ಕೆ ಒಂದು

ಕುಸ್ಮೊರೊಡದ ಜಾಸಿಂತ್ ರೆಬೆಲೊ ತನ್ನ ಬದುಕಿನಲ್ಲಿ ಸಮತೋಲನ ತಪ್ಪಿದೆ ಎಂದು ಐವತ್ತೊಂದು ವರ್ಷ ಯಾವತ್ತೂ ಅನುಮಾನಪಟ್ಟವನಲ್ಲ. ಅವನಿಗೆ ನೆನಪಿದ್ದಂತೆ ಸಮತೋಲನ ತಪ್ಪಿದ್ದು ಒಂದೇ ಸಲ, ಅದೂ ಊರಿನ ಸಾರಾಯಿ ಅಂಗಡಿ ತವೆರ್ನದ ಮೆಟ್ಟಿಲ ಮೇಲೆ. ಆ ವರ್ಷದ ಗೇರುಹಣ್ಣಿನ ಊರಾಕು ಅತಿಯಾಗಿ ಚೆನ್ನಾಗಿತ್ತೆಂಬುದನ್ನು ಇಡೀ ಊರು ಒಪ್ಪಿಕೊಂಡಿದ್ದರಿಂದ ಅದನ್ನು ಯಾರೂ ಅವನ ಲೆಕ್ಕಕ್ಕೆ ಹಾಕಿರಲಿಲ್ಲ.

ಅವನು ತಾಲೂಕಿನ ತೆಂಗಿನಮರ ಗಣತಿ ಕಚೇರಿಯಲ್ಲಿ ಗಣತಿದಾರ. ಬೆಳಗ್ಗೆ ಹತ್ತಕ್ಕೆ ಮಡಗಾಂವಿನ ಕಚೇರಿಗೆ ಹೋಗಿ ಸಹಿ ಹಾಕುವುದು, ನಿನ್ನೆಯ ಮರಗಳ ಸಂಖ್ಯೆಯನ್ನು ಇವತ್ತಿನ ಕಾಲಮ್ಮಿಗೆ ಇಳಿಸುವುದು, ಹನ್ನೆರಡಕ್ಕೆ ‘ಹೊರಗೆಲಸ’ ಎಂದು ಬರೆದು ಹೊರಡುವುದು. ಹೊರಗೆಲಸವೆಂದರೆ ಊರೂರಿಗೆ ಹೋಗಿ ಮರ ಎಣಿಸುವುದು. ತೆಂಗಿನಮರಗಳಿಗೆ ಅಲ್ಲಿ ಇಲ್ಲಿ ತಿರುಗಾಡುವ ಚಟವಿಲ್ಲವಾದ್ದರಿಂದ ಅವನ್ನು ದಿನಾ ಎಣಿಸುವ ಅಗತ್ಯ ಜಾಸಿಂತನಿಗೆ ಕಂಡಿರಲಿಲ್ಲ. ಹನ್ನೆರಡೂಮುಕ್ಕಾಲಿಗೆ ಅವನು ಮನೆಯಲ್ಲಿರುತ್ತಿದ್ದ. ಒಂದು ಗಂಟೆಗೆ ಅನ್ನ, ಮೀನಿನ ಸಾರು, ಹುರಿದ ಒಂದು ಬಾಂಗ್ಡೆ. ಒಂದೂಕಾಲಿಗೆ ಜಗಲಿಯ ಆರಾಮ ಕುರ್ಚಿ. ನಾಲ್ಕಕ್ಕೆ ಎಚ್ಚರ.

ಇದರಲ್ಲಿ ಅವನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಒಂದರಿಂದ ನಾಲ್ಕರವರೆಗೆ ಇಡೀ ಊರೇ ಮಲಗುತ್ತಿತ್ತು. ಅಂಗಡಿ, ಅಂಚೆ, ಇಗರ್ಜಿ ಎಲ್ಲವೂ ಬಾಗಿಲು ಮುಚ್ಚುತ್ತಿದ್ದವು. ನಾಯಿಗಳು ಯಾವ ವಾಹನವೂ ಬಾರದೆಂಬ ಭರವಸೆಯಿಂದ ರಸ್ತೆಯ ನಟ್ಟನಡುವೆ ಕಾಲು ಚಾಚುತ್ತಿದ್ದವು. ಆ ಹೊತ್ತಿನಲ್ಲಿ ಕುಸ್ಮೊರೊಡದಲ್ಲಿ ಯಾರೂ ಸತ್ತ ದಾಖಲೆಯಿಲ್ಲ. ಸತ್ತಿದ್ದರೂ ಮನೆಯವರಿಗೆ ಗೊತ್ತಾಗುತ್ತಿದ್ದುದು ನಾಲ್ಕರ ಮೇಲೆಯೇ.

ಇಂಥ ಮನುಷ್ಯನನ್ನು ಕಚೇರಿಯ ಮೇಲಧಿಕಾರಿ ಪ್ರಮಿಳಾ ಧುಮೆ ಮೇಡಂ ಒಂದು ಸೆಮಿನಾರಿಗೆ ಕಳಿಸಿದರು. ವಿಷಯ ಬದುಕಿನ ಸಮತೋಲನ. ಸ್ಥಳ ಪಣಜಿ. ಸಮಯ ಮಧ್ಯಾಹ್ನ ಒಂದೂವರೆಯಿಂದ ಐದು. ಸಮಯ ನೋಡಿದ ಕೂಡಲೇ ಇದು ಸಮತೋಲನದ ಶತ್ರುಗಳು ಏರ್ಪಡಿಸಿದ ಕಾರ್ಯಕ್ರಮ ಎಂದು ಜಾಸಿಂತನಿಗೆ ಅರ್ಥವಾಯಿತು. ಆದರೆ ಸುತ್ತೋಲೆಯ ಕೆಳಗೆ ‘ಕಡ್ಡಾಯ’ ಎಂದಿತ್ತು.

ಭಾಷಣಕ್ಕೆ ಪುಣೆಯಿಂದ ಗದ್ರೆ ಎಂಬ ತರಬೇತುದಾರರು ಬಂದಿದ್ದರು. ವೇದಿಕೆಯ ಮೇಲೆ ಅತ್ತಿಂದಿತ್ತ ನಡೆದಾಡುತ್ತಲೇ ಮಾತಾಡುವ ಜಾತಿ. ಅವರು ಎಡಕ್ಕೆ ಹೋಗುವುದನ್ನು ಜಾಸಿಂತ್ ನೋಡಿದ, ಬಲಕ್ಕೆ ಬರುವುದನ್ನು ನೋಡಲಿಲ್ಲ. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಅವನಿಗೆ ಇಪ್ಪತ್ತೆಂಟು ವರ್ಷದ ಸರ್ಕಾರಿ ನೌಕರಿಯಲ್ಲಿ ಸಿದ್ಧಿಸಿತ್ತು. ಎಚ್ಚರವಾದಾಗ ಎದುರಿಗೆ ಒಂದು ಹಾಳೆ ಇತ್ತು. ಹಾಳೆಯ ಮೇಲೊಂದು ಚಕ್ರ. ಚಕ್ರಕ್ಕೆ ಎಂಟು ಭಾಗ: ಕೆಲಸ, ದಾಂಪತ್ಯ, ಬಂಧುಬಳಗ, ಸ್ನೇಹ, ದೇವರು, ದೇಹ, ವಿನೋದ, ವಿಶ್ರಾಂತಿ. “ಯಾವುದಕ್ಕೂ ಹತ್ತರ ಮೇಲೆ ಹೋಗಬೇಡಿ. ಪ್ರಾಮಾಣಿಕವಾಗಿ ಬರೆಯಿರಿ” ಎನ್ನುತ್ತಿದ್ದರು ಗದ್ರೆ.

ಪಕ್ಕದವನು ಅಂಕಿಗಳನ್ನು ಬರೆಯುತ್ತಿದ್ದ. ಜಾಸಿಂತ್ ಒಂದು ಕ್ಷಣ ಯೋಚಿಸಿದ. ಅಂಕಿ ಎಂದರೆ ಇನ್ನೇನು, ಗಂಟೆ. ದಿನದಲ್ಲಿ ಯಾವುದಕ್ಕೆ ಎಷ್ಟು ಗಂಟೆ ಎಂದು ಕೇಳುತ್ತಿದ್ದಾರೆ. ಪೆನ್ನಿನ ತುದಿ ಕಚ್ಚುತ್ತ ಅವನು ಪ್ರಾಮಾಣಿಕವಾಗಿ ಬರೆದ. ವಿಶ್ರಾಂತಿ, ರಾತ್ರಿಯದೂ ಮಧ್ಯಾಹ್ನದ್ದೂ ಸೇರಿ, ಹತ್ತು. ವಿನೋದ, ಅಂದರೆ ತೂಬಿನ ಬಳಿ ಗಾಳ ಹಾಕಿ ಕೂರುವುದು ಮತ್ತು ರೇಡಿಯೊ, ಐದು. ಸ್ನೇಹ, ಅಂದರೆ ತವೆರ್ನ, ಮೂರು. ಕೆಲಸ ಎರಡು. ಉಳಿದ ನಾಲ್ಕಕ್ಕೂ ತಲಾ ಒಂದೊಂದು. ಕೂಡಿ ನೋಡಿದ. ಸರಿಯಾಗಿ ಇಪ್ಪತ್ತನಾಲ್ಕು. ಗಣತಿ ಕಚೇರಿಗೆ ಸೇರಿದ ಮೇಲೆ ಅವನ ಮೊತ್ತ ಮೊದಲ ಸಲಕ್ಕೇ ಸರಿಬಂದದ್ದು ಅದೇ ಮೊದಲು.

ಗದ್ರೆ ಆ ಹಾಳೆಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಅವರ ಕಣ್ಣು ತೇವವಾದಂತೆ ಕಂಡಿತು.

“ಮಿತ್ರರೇ, ಉಳಿದವರೆಲ್ಲ ಏಳು, ಎಂಟು, ಎಂಟೂವರೆ ಅಂತ ಬರೆದು ನಿಮಗೆ ನೀವೇ ಮೋಸ ಮಾಡಿಕೊಂಡಿದೀರಿ. ಈ ಮನುಷ್ಯನನ್ನ ನೋಡಿ! ಹದಿನೆಂಟು ವರ್ಷದಲ್ಲಿ ಇಂಥ ನಿರ್ದಯವಾದ ಆತ್ಮಪರೀಕ್ಷೆ ನಾನು ಕಂಡಿಲ್ಲ.”

ಚಪ್ಪಾಳೆ ಬಿತ್ತು. ಹಾಳೆಗೆ ಕಚೇರಿಯ ಮೊಹರು ಒತ್ತಿ, ಗಾಜಿನ ಫ್ರೇಮಿಗೆ ಹಾಕಿಸಿ, ‘ಅತ್ಯಂತ ಪ್ರಾಮಾಣಿಕ ಚಕ್ರ’ ಎಂಬ ಬಹುಮಾನದ ಹೆಸರಿನಲ್ಲಿ ಅವನ ಕೈಗಿತ್ತರು. ಧುಮೆ ಮೇಡಂ ನಕಲೊಂದನ್ನು ಕಡತಕ್ಕೆ ಸೇರಿಸಿಕೊಂಡು ಬಳಿಗೆ ಬಂದರು.

“ಕೆಲಸಕ್ಕೆ ಎರಡು ಹಾಕ್ಕೊಂಡಿದೀರಿ ರೆಬೆಲೊ. ನಾನಾಗಿದ್ರೆ ಒಂದು ಹಾಕ್ತಿದ್ದೆ. ಆದ್ರೂ ತಪ್ಪು ಒಪ್ಕೊಂಡ್ರಲ್ಲ, ಅದು ದೊಡ್ಡದು. ಆರು ವಾರ ಆದ್ಮೇಲೆ ನಾನೇ ನಿಮ್ಮೂರಿಗೆ ಬರ್ತೀನಿ. ಇನ್ನೊಂದು ಚಕ್ರ ತುಂಬಿಸ್ತೀನಿ. ಎಷ್ಟು ಮೇಲೆ ಬಂದಿದೀರಿ ನೋಡೋಣ.”

ಅವರು ಏನು ಹೇಳುತ್ತಿದ್ದಾರೆಂಬುದು ಜಾಸಿಂತನ ತಲೆಗೆ ಹೋಗಲಿಲ್ಲ. ಇಸ್ಕೂಲು ಬಿಟ್ಟ ಮೇಲೆ ಅವನಿಗೆ ಸಿಕ್ಕ ಮೊದಲ ಬಹುಮಾನ ಅದು, ಇಸ್ಕೂಲಿನಲ್ಲೂ ಸಿಕ್ಕಿರಲಿಲ್ಲ. ಊರಿಗೆ ಬಂದವನೇ ಅದನ್ನು ಜಗಲಿಯ ಗೋಡೆಗೆ, ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುವ ಎತ್ತರದಲ್ಲಿ, ಮೊಳೆ ಹೊಡೆದು ತೂಗುಹಾಕಿದ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಒಂದಿಷ್ಟು ಎಡಕ್ಕೆ ವಾಲಿತ್ತು. ಸರಿಮಾಡಿದ.

ಹೆಂಡತಿ ಕಿತೇರಿಯ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವಳು ಯಾವುದನ್ನೇ ಓದಿದರೂ ಪೂರ್ತಿ ಓದುವವಳು. ಬ್ರೆಡ್ಡು ಸುತ್ತಿಕೊಂಡು ಬಂದ ಕಾಗದವನ್ನೂ ಬಿಡುತ್ತಿರಲಿಲ್ಲ.

“ದಾಂಪತ್ಯ ಅಂತ ಬರ್ದಿದೆ. ಮುಂದೆ ಒಂದು ಅಂತ ಇದೆ.”

“ಹೂಂ. ಒಂದು” ಎಂದ ಜಾಸಿಂತ್, ಧಾರಾಳ ಮಾಡಿದವನ ಸಂಕೋಚದಿಂದ.

“ಹತ್ತಕ್ಕೆ?”

“ಹತ್ತಕ್ಕೆ ಯಾಕೆ? ದಿನ...”

ಅವಳು ಗಾಜಿನ ಮೇಲೆ ಬೆರಳಿಟ್ಟಳು. ಚಕ್ರದ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಿದ್ದವು. ಜಾಸಿಂತ್ ಕನ್ನಡಕ ಏರಿಸಿ ಓದಿದ. ‘ಪ್ರತಿಯೊಂದು ಭಾಗ ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ ಎಂಬುದಕ್ಕೆ ತಕ್ಕಂತೆ ಹತ್ತಕ್ಕೆ ಅಂಕ ಕೊಡಿ.’

ಅವನು ಇನ್ನೊಮ್ಮೆ ಓದಿದ. ಅಕ್ಷರಗಳು ಬದಲಾಗಲಿಲ್ಲ.

“ಅಯ್ಯೋ ಕಿತೇರ್, ಇದು ಅಂಕ ಅಲ್ಲ ಮಾರಾಯ್ತಿ, ಗಂ...” ಎಂದು ಆರಂಭಿಸಿದವನ ಕಣ್ಣು ಚಕ್ರದ ಮೇಲ್ಭಾಗಕ್ಕೆ ಹೋಯಿತು. ಅಲ್ಲಿ ‘ಕೆಲಸ’ ಎಂದಿತ್ತು. ಅದರ ಮುಂದೆ ಅವನದೇ ಕೈಬರಹದಲ್ಲಿ ‘ಎರಡು’. ಅದರ ಮೇಲೆ ನೇರಳೆ ಬಣ್ಣದ ಸರ್ಕಾರಿ ಮೊಹರು. ಇನ್ನೊಂದು ನಕಲು ಮೇಡಮ್ಮಿನ ಕಡತದಲ್ಲಿ.

ಅಂಕ ಎಂದರೆ ಅವನು ವಿನಯವಂತ. ಗಂಟೆ ಎಂದರೆ ದಿನಕ್ಕೆ ಎರಡು ಗಂಟೆ ಮಾತ್ರ ದುಡಿಯುತ್ತೇನೆಂದು ಸಹಿ ಮಾಡಿಕೊಟ್ಟವನು. ಕಿತೇರಿಯಳ ಕಿವಿಗೆ ಹಾಕಿದ್ದು ಸಂಜೆ ಜಪಸರದ ಪ್ರಾರ್ಥನೆಯ ಹೊತ್ತಿಗೆ ಕೇರಿಗೆ, ಅಂದರೆ ವಾಡೆಗೆಲ್ಲ ಗೊತ್ತಾಗುತ್ತಿತ್ತು, ನಾಳೆಯ ಬಸ್ಸಿನಲ್ಲಿ ಮಡಗಾಂವಿಗೆ ತಲುಪುತ್ತಿತ್ತು. ಜಾಸಿಂತ್ ಬಾಯಿ ಮುಚ್ಚಿಕೊಂಡ.

“ಗಂ... ಅಂದ್ರೆ?”

“ಗಂಟಲು ಕೆರೀತಿದೆ.”

“ಇಪ್ಪತ್ತಾರು ವರ್ಷ” ಎಂದಳು ಕಿತೇರಿಯ ನಿಧಾನವಾಗಿ. “ಇಪ್ಪತ್ತಾರು ವರ್ಷ ನಿನ್ನ ಅಂಗಿ ಇಸ್ತ್ರಿ ಮಾಡಿದೀನಿ. ಒಂದು! ವಿನೋದಕ್ಕೆ ಐದು. ಯಾರ ಜೊತೆ ರೇ ನಿನ್ನ ವಿನೋದ?”

“ಗಾಳದ ಜೊತೆ ಕಣೇ. ಮೀನು...”

“ನನಗಿಂತ ಮೀನಿಗೆ ನಾಲ್ಕು ಹೆಚ್ಚು!”

ಆ ರಾತ್ರಿ ಬಾಂಗ್ಡೆಗೆ ಉಪ್ಪಿರಲಿಲ್ಲ. ಮರುದಿನ ಉಪ್ಪಿತ್ತು, ಬಾಂಗ್ಡೆ ಇರಲಿಲ್ಲ.

ಸುದ್ದಿ ಮೊದಲು ಮುಟ್ಟಿದ್ದು ಎರಡು ಮನೆ ಆಚೆಗಿದ್ದ ಅತ್ತೆ ಪಿಯೆದಾದ್ ಮಾಯಿಗೆ. ಎಂಬತ್ತು ದಾಟಿದ ಆಕೆ ಕೋಲೂರಿಕೊಂಡು ಬಂದು, ಫ್ರೇಮಿನ ಮುಂದೆ ನಿಂತು, ‘ಬಂಧುಬಳಗ’ ಎಂದಿದ್ದ ಭಾಗವನ್ನು ಕೋಲಿನಿಂದ ಮುಟ್ಟಿದಳು.

“ಇದು ನಾನಾ?”

“ಮಾಯ್, ನೀವೊಬ್ರೇ ಅಲ್ಲ, ಎಲ್ಲಾರೂ ಸೇರಿ...”

“ಎಲ್ಲಾರೂ ಸೇರಿ ಒಂದು! ಹಂಗಾದ್ರೆ ನನ್ನ ಪಾಲಿಗೆ ಎಷ್ಟು ಬಂತು? ನನ್ನ ಮಗಳನ್ನ ಕೊಟ್ಟೆ. ಮಾವಿನ ಉಪ್ಪಿನಕಾಯಿ ಭರಣಿ ಕೊಟ್ಟೆ. ಭರಣಿ ವಾಪಸ್ಸು ಕೇಳಲಿಲ್ಲ. ಮೇಲೆ ಸರ್ಕಾರದ ಮೊಹರು ಬೇರೆ! ನಾಳೆ ನಾನು ಸತ್ತು ಮೇಲಕ್ಕೆ ಹೋದಾಗ ಸಂತ ಪೇದ್ರು ಸ್ವರ್ಗದ ಬಾಗಿಲಲ್ಲಿ ಕೇಳ್ತಾನೆ, ಪಿಯೆದಾದ್, ನಿಂದು ಎಷ್ಟು ಅಂತ. ಏನು ಹೇಳ್ಲಿ?”

ಸಂಜೆ ತವೆರ್ನದಲ್ಲಿ ಗೆಳೆಯ ಬೊಸ್ತ್ಯಾಂವ್ ಮೊದಲು ಖುಷಿಯಾಗಿದ್ದ. ಅವನು ಬಡಗಿ. ಊರಿನ ಮಂಚ, ತೊಟ್ಟಿಲು, ಶವಪೆಟ್ಟಿಗೆಗಳೆಲ್ಲ ಅವನ ಕೈಯವೇ. “ಕೇಳಿದ್ರಾ? ಹೆಂಡ್ತಿಗೆ ಒಂದು, ಅತ್ತೆಗೆ ಒಂದು, ನಮಗೆ ಮೂರು! ಗಂಡಸು ಅಂದ್ರೆ ಇವ್ನು” ಎಂದು ಎಲ್ಲರಿಗೂ ಒಂದೊಂದು ಗ್ಲಾಸು ಹೇಳಿದ. ಆದರೆ ತವೆರ್ನದ ಒಡತಿ ಎಸ್ಪೆರಾನ್ಸ್ ಮೇಜು ಒರೆಸುತ್ತ, “ನಿದ್ದೆಗೆ ಹತ್ತಂತೆ” ಎಂದಳು. ಬೊಸ್ತ್ಯಾಂವನ ಗ್ಲಾಸು ಗಾಳಿಯಲ್ಲೇ ನಿಂತಿತು.

“ಹತ್ತು? ತಲೆದಿಂಬಿಗೆ ಹತ್ತು, ನಂಗೆ ಮೂರಾ? ನಿನ್ನ ಮದುವೆ ಮಂಚ ಮಾಡ್ಕೊಟ್ಟೋನು ಯಾರು?”

“ನೀನೇ.”

“ಮುಂದೆ ನಿನ್ನ ಪೆಟ್ಟಿಗೆ ಮಾಡೋನು ಯಾರು?”

“...ನೀನೇ.”

“ಅಳತೆ ಸ್ವಲ್ಪ ಬಿಗಿ ಆಗತ್ತೆ. ನೋಡ್ಕೋ.”

ಭಾನುವಾರ ಇಗರ್ಜಿಯಲ್ಲಿ ವಿಗಾರರಾದ ಫಾದರ್ ಲಿಬೆರಾತ್ ಪ್ರವಚನಪೀಠ ಹತ್ತಿದರು. ಅವರು ಯಾರ ಹೆಸರನ್ನೂ ಎತ್ತಿ ಆಡುವವರಲ್ಲ. “ನಮ್ಮ ನಡುವೆ ಒಬ್ಬ ಸೋದರ ದೇವರಿಗೆ ಅಂಕ ಕೊಟ್ಟಿದ್ದಾನೆ” ಎಂದರು. “ಹತ್ತಕ್ಕೆ ಒಂದು. ಆಕಾಶ ಮಾಡಿದವನು, ಸಮುದ್ರ ಮಾಡಿದವನು, ಅದರಲ್ಲಿ ಬಾಂಗ್ಡೆ ಬಿಟ್ಟವನು. ಒಂದು! ನಾನು ಹೆಸರು ಹೇಳುವುದಿಲ್ಲ. ಅವನು ಬಲಗಡೆ ನಾಲ್ಕನೇ ಬೆಂಚಿನಲ್ಲಿ, ಕಂಬದ ಮಗ್ಗುಲಲ್ಲಿ, ಕಂದು ಪ್ಯಾಂಟು ಹಾಕಿಕೊಂಡು ಕೂತಿದ್ದಾನೆ. ಈಗ ಕಂಬದ ಹಿಂದೆ ಸರಿದ.”

ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲೇ ಸಭೆ ಸೇರಿತು. ಜಾಸಿಂತನನ್ನು ಕರೆಯಲಿಲ್ಲ, ಬಿಡಲೂ ಇಲ್ಲ. ಮೇಡಂ ಆರು ವಾರದಲ್ಲಿ ಬಂದು ಎರಡನೇ ಚಕ್ರ ತುಂಬಿಸುತ್ತಾರೆ, ಅದೂ ಸರ್ಕಾರಿ ದಾಖಲೆಯೇ. ದಾಖಲೆಯಲ್ಲಿ ಒಂದು ಅಂಕದೊಂದಿಗೆ ಶಾಶ್ವತವಾಗಿ ಉಳಿಯಲು ಯಾರೂ ತಯಾರಿರಲಿಲ್ಲ. ಅಷ್ಟರೊಳಗೆ ಪ್ರತಿಯೊಬ್ಬರೂ ತಂತಮ್ಮ ಅಂಕ ಏರಿಸಿಕೊಳ್ಳಬೇಕು. ಅದಕ್ಕೆ ಜಾಸಿಂತನ ಸಮಯ ಬೇಕು.

“ಬೆಳಗ್ಗೆ ಆಫೀಸಿಗೆ ಹೋಗ್ತಾನೆ” ಎಂದಳು ಕಿತೇರಿಯ. “ಸಂಜೆ ಕೈಗೆ ಸಿಗಲ್ಲ. ಮಧ್ಯಾಹ್ನ ಮಾತ್ರ ಜಾಗ ಬಿಟ್ಟು ಅಲ್ಲಾಡಲ್ಲ.”

“ಮಧ್ಯಾಹ್ನ ಎಷ್ಟು ಹೊತ್ತು?” ಎಂದು ಕೇಳಿದರು ವಿಗಾರರು.

“ಒಂದರಿಂದ ನಾಲ್ಕು.”

ಜಾಸಿಂತ್ ಮುಂದೆ ನುಗ್ಗಿದ. “ಫಾದರ್, ಆವಾಗ ನೀವೂ ಮಲ್ಗಿರ್ತೀರಲ್ಲ!”

“ದೇವರಿಗೋಸ್ಕರ ಏಳ್ತೀನಿ” ಎಂದರು ವಿಗಾರರು, ಹುತಾತ್ಮನ ಮುಖ ಮಾಡಿಕೊಂಡು.

ಅಲ್ಲೇ ವಾರ ಹಂಚಿಕೆಯಾಯಿತು. ಸೋಮವಾರ ಕಿತೇರಿಯ. ಮಂಗಳವಾರ ಪಿಯೆದಾದ್ ಮಾಯ್. ಬುಧವಾರ ಬೊಸ್ತ್ಯಾಂವ್. ಗುರುವಾರ ದೇವರು. ದೇಹದ ಪರವಾಗಿ ಮಾತಾಡಲು ಯಾರೂ ಬಂದಿರಲಿಲ್ಲವಾದ್ದರಿಂದ ಶುಕ್ರವಾರವನ್ನೂ ವಿಗಾರರೇ ವಹಿಸಿಕೊಂಡು, ಇಗರ್ಜಿಯ ಬಾವಿಯಿಂದ ಹೂಗಿಡಗಳಿಗೆ ನೀರು ಸೇದುವುದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ ಎಂದು ತೀರ್ಮಾನಿಸಿದರು. ವಿಶ್ರಾಂತಿಗೆ ಹೇಗೂ ಹತ್ತಕ್ಕೆ ಹತ್ತು ಬಂದಿದೆ, ಅದನ್ನು ಇನ್ನು ಮೇಲೇರಿಸಲು ಸಾಧ್ಯವಿಲ್ಲ, ಆದ್ದರಿಂದ ಅದರ ಕಡೆ ಗಮನ ಕೊಡಬೇಕಿಲ್ಲ ಎಂಬುದಕ್ಕೆ ಎಲ್ಲರೂ ತಲೆಯಾಡಿಸಿದರು.

ಒಂದೇ ಒಂದು ಮಾತು ಸಾಕಿತ್ತು. ‘ಅದು ಗಂಟೆ’ ಎಂದರೆ ಮಧ್ಯಾಹ್ನದ ನಿದ್ದೆ ಉಳಿಯುತ್ತಿತ್ತು, ನೌಕರಿ ಹೋಗುತ್ತಿತ್ತು. ಸುಮ್ಮನಿದ್ದರೆ ನೌಕರಿ ಉಳಿಯುತ್ತಿತ್ತು, ನಿದ್ದೆ ಹೋಗುತ್ತಿತ್ತು. ಜಾಸಿಂತ್ ಸಂಬಳವನ್ನೂ ಆರಾಮ ಕುರ್ಚಿಯನ್ನೂ ಎದುರುಬದುರು ಇಟ್ಟುಕೊಂಡು ಬಹಳ ಹೊತ್ತು ತೂಗಿದ. ನಿವೃತ್ತಿಗೆ ಇನ್ನೂ ಒಂಬತ್ತು ವರ್ಷವಿತ್ತು. ಆರೇ ವಾರ ತಾನೇ, ಎಂದುಕೊಂಡ.

ಮೊದಲ ಸೋಮವಾರ ಎರಡು ಗಂಟೆಗೆ ಗಂಡ ಹೆಂಡತಿ ಕೈ ಕೈ ಹಿಡಿದುಕೊಂಡು, ಒಂದೇ ಕೊಡೆಯ ಕೆಳಗೆ, ಕೆರೆಯ ಏರಿಯ ಮೇಲೆ ಹೊರಟರು. ಆ ಹೊತ್ತಿನಲ್ಲಿ ಎರಡು ಕಾಲಿನ ಮೇಲೆ ನಡೆಯುವ ಪ್ರಾಣಿಯನ್ನು ಕುಸ್ಮೊರೊಡದ ನಾಯಿಗಳು ಹುಟ್ಟಿದ ಮೇಲೆ ಕಂಡಿರಲಿಲ್ಲ. ಹನ್ನೊಂದು ನಾಯಿ ಒಟ್ಟಿಗೆ ಎದ್ದವು. ಅವುಗಳ ಬೊಗಳಾಟಕ್ಕೆ ಮೇಲಿನ ವಾಡೆ ಎಚ್ಚರವಾಯಿತು, ಮೇಲಿನ ವಾಡೆಯವರ ಬೈಗುಳಕ್ಕೆ ಕೆಳಗಿನ ವಾಡೆ.

“ಏನಾದ್ರೂ ಮಾತಾಡು” ಎಂದಳು ಕಿತೇರಿಯ, ಆಕಳಿಕೆ ತಡೆಯುತ್ತ.

“ಏನು ಮಾತಾಡ್ಲಿ?”

“ಮದುವೆಗೆ ಮುಂಚೆ ಏನೋ ಮಾತಾಡ್ತಿದ್ಯಲ್ಲ.”

ಜಾಸಿಂತ್ ನೆನಪಿಸಿಕೊಂಡ. “ನಿಮ್ಮನೇಲಿ ಒಟ್ಟು ಎಷ್ಟು ತೆಂಗಿನಮರ ಅಂತ ಕೇಳ್ತಿದ್ದೆ.”

ಮಂಗಳವಾರ ಪಿಯೆದಾದ್ ಮಾಯ್ ತನ್ನ ಕಾಯಿಲೆಗಳನ್ನು ಹುಟ್ಟಿದ ವರ್ಷದ ಪ್ರಕಾರ ಹೇಳಲು ಶುರುಮಾಡಿದಳು. ಮೊದಲ ದಿನ ಮೊಣಕಾಲಿನವರೆಗೆ ಬಂದಿತು. ನಡುನಡುವೆ ಆಕೆಗೇ ನಿದ್ದೆ ಬರುತ್ತಿತ್ತು. ಜಾಸಿಂತ್ ಮೆಲ್ಲನೆ ಏಳಲು ಹೊರಟರೆ ಕೋಲು ಅಡ್ಡ ಬರುತ್ತಿತ್ತು. ಬುಧವಾರ ಬೊಸ್ತ್ಯಾಂವ್ ಗೆಳೆತನದ ಗುರುತಾಗಿ ಅವನಿಗೆ ಹತ್ತರಿ ಹಿಡಿಯುವುದನ್ನು ಕಲಿಸಿದ. ಅರ್ಧ ಗಂಟೆಯಲ್ಲಿ ಇಬ್ಬರೂ ಮಾಡಿ ಮುಗಿಸದ ಪೆಟ್ಟಿಗೆಗೆ ತಲೆಯಾನಿಸಿ ಒಬ್ಬರನ್ನೊಬ್ಬರು ತಿವಿದು ಎಬ್ಬಿಸುತ್ತ ಕೂತಿದ್ದರು. ಗುರುವಾರ ಇಗರ್ಜಿಯ ಗಾಯನವೃಂದಕ್ಕೆ ಅವನನ್ನು ಸೇರಿಸಿದರು. ಎರಡೂವರೆಗೆ ವಿಗಾರರ ಪಿಟೀಲು, ಜಾಸಿಂತನ ಕಂಠ. ಇಡೀ ಊರು ಕಿಟಕಿ ಮುಚ್ಚಿಕೊಂಡಿತು. ಅದರಿಂದ ಸೆಕೆ ಹೆಚ್ಚಾಯಿತೇ ಹೊರತು ಭಕ್ತಿಗೀತೆ ಕಡಿಮೆಯಾಗಲಿಲ್ಲ.

ನಿದ್ದೆಗೆಟ್ಟ ಊರು ಎಂಥದೆಂದು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಮೂರನೇ ವಾರಕ್ಕೆ ಬ್ರೆಡ್ಡಿನವನು ಸಕ್ಕರೆಯ ಬದಲು ಸೋಡ ಹಾಕಿದ. ಆ ಬ್ರೆಡ್ಡನ್ನು ಹಿಂದಿರುಗಿಸಲು ಹೋದವರ ಮೇಲೆ ಬ್ರೆಡ್ಡನ್ನೇ ಎಸೆದ. ಮೂವತ್ತು ವರ್ಷದಿಂದ ಒಂದು ಪಾಗಾರದ ಗೋಡೆಯ ವಿಷಯದಲ್ಲಿ ಸೌಹಾರ್ದದಿಂದ ಜಗಳವಾಡುತ್ತ ಬಂದಿದ್ದ ಇಬ್ಬರು ಅಣ್ಣತಮ್ಮಂದಿರು ನಿಜವಾಗಿಯೂ ವಕೀಲರನ್ನು ನೋಡಲು ಹೋದರು. ವಿಗಾರರು ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಕೂತು, ಆಚೆಯವರು ಹೇಳುತ್ತಿದ್ದಂತೆ, “ಇಷ್ಟೇನಾ? ಇದಕ್ಕೆ ನನ್ನ ಎಬ್ಬಿಸಿದ್ಯಾ?” ಎಂದು ಗದರಿದರೆಂದು ಸುದ್ದಿ. ಎಸ್ಪೆರಾನ್ಸ್ ಗಿರಾಕಿಗಳು ಬರುವ ಮುಂಚೆಯೇ ಅವರನ್ನು ಹೊರಗೆ ಹಾಕತೊಡಗಿದಳು.

ಆದರೂ ಯಾರೂ ತಮ್ಮ ಸರದಿ ಬಿಟ್ಟುಕೊಡಲು ಸಿದ್ಧರಿರಲಿಲ್ಲ. “ಮಾಯ್ ಬಿಟ್ರೆ ನಾನೂ ಬಿಡ್ತೀನಿ” ಎಂದ ಬೊಸ್ತ್ಯಾಂವ್. “ದೇವರು ಬಿಟ್ರೆ ನಾನು ಬಿಡ್ತೀನಿ” ಎಂದಳು ಮಾಯ್. ವಿಗಾರರು ದೇವರು ಯಾರನ್ನೂ ಬಿಡುವುದಿಲ್ಲ ಎಂದರು.

ಜಾಸಿಂತ್ ಇಳಿದುಹೋದ. ಕಚೇರಿಯಲ್ಲಿ ತೂಕಡಿಸುತ್ತ ಒಂದು ದಿನ ಮರಗಳ ಕಾಲಮ್ಮಿನಲ್ಲಿ ಅತ್ತೆಯ ಕಾಯಿಲೆಗಳ ಪಟ್ಟಿ ಬರೆದ. ಅದನ್ನು ಓದಿದ ಧುಮೆ ಮೇಡಂ ತೆಂಗಿಗೆ ಹೊಸ ರೋಗ ಬಂದಿದೆಯೆಂದು ತಿಳಿದು ಕೃಷಿ ವಿಜ್ಞಾನಿಗಳಿಗೆ ಕಾಗದ ಹಾಕಿದರು.

ಆರು ವಾರ ಮುಗಿದ ಕೂಡಲೇ ಮೇಡಂ ಕುಸ್ಮೊರೊಡಕ್ಕೆ ಬಂದರು. ಬಸ್ಸು ಇಳಿದದ್ದು ಹನ್ನೆರಡೂವರೆಗೆ. ಫೋಂಡಾ ಕಡೆಯ ಕಟ್ಟುನಿಟ್ಟಿನ ಹೆಂಗಸು. ಚೀಲದಲ್ಲಿ ತಮ್ಮದೇ ನೀರಿನ ಬಾಟಲಿ, ತಮ್ಮದೇ ಪೆನ್ನು. ಊಟ ಬೇಡವೆಂದರು. ಕಿತೇರಿಯ ಕೇಳಲಿಲ್ಲ. ಅಂಕದ ಆಸೆ ಒಂದು ಕಡೆ, ಮನೆಗೆ ಬಂದವರು ಬರಿ ಹೊಟ್ಟೆಯಲ್ಲಿ ಹೋಗಬಾರದೆಂಬುದು ಇನ್ನೊಂದು ಕಡೆ. ಕಾಯಿಹಾಲಿನ ಸಿಗಡಿ ಸಾರು, ಕೆಂಪಕ್ಕಿ ಅನ್ನ, ಮಸಾಲೆ ತುಂಬಿದ ಬಾಂಗ್ಡೆ, ಕೊನೆಯಲ್ಲಿ ಕೋಕಮ್ಮಿನ ತಂಪು ಸೋಲ್‌ಕಡಿ. ಮೇಡಂ ಮೊದಲು ರುಚಿ ನೋಡಿದರು, ಆಮೇಲೆ ಉಂಡರು, ಆಮೇಲೆ ಮಾತು ನಿಲ್ಲಿಸಿ ಉಂಡರು.

ಒಂದೂವರೆಗೆ ಎಲ್ಲರೂ ಜಗಲಿಯಲ್ಲಿ ಸೇರಿದರು. ಬೇರೆ ಒಳ್ಳೆಯ ಕುರ್ಚಿ ಇಲ್ಲದ್ದರಿಂದ ಮೇಡಮ್ಮನ್ನು ಆರಾಮ ಕುರ್ಚಿಯಲ್ಲಿ ಕೂರಿಸಿದರು. ಜಾಸಿಂತ್ ಎದುರಿಗೆ ಮಣೆಯ ಮೇಲೆ. ಅವನ ಬೆನ್ನ ಹಿಂದೆ ಕಿತೇರಿಯ, ಮಾಯ್, ಬೊಸ್ತ್ಯಾಂವ್, ವಿಗಾರರು, ಅವರ ಹಿಂದೆ ಅಂಕದ ಹಕ್ಕಿಲ್ಲದ ಉಳಿದ ಊರು. ಮೇಡಂ ಹೊಸ ಹಾಳೆ ತೆಗೆದು ಕೊಟ್ಟರು. ಅದೇ ಚಕ್ರ, ಅದೇ ಎಂಟು ಭಾಗ.

“ನಿಧಾನವಾಗಿ ಯೋಚ್ನೆ ಮಾಡಿ ಬರೀರಿ, ರೆಬೆಲೊ” ಎಂದು ಅವರು ಕುರ್ಚಿಗೆ ಒರಗಿದರು.

ಜಾಸಿಂತ್ ಪೆನ್ನು ಹಿಡಿದ. ಹಿಂದಿನಿಂದ ಮಾಯಿಯ ಕೋಲು ಅವನ ಬೆನ್ನಿಗೆ ತಾಗಿತು.

“ಹತ್ತು ಹಾಕು.”

“ಮಾಯ್, ತಾಳಿ. ಮೊದ್ಲು ಹೆಂಡ್ತಿ” ಎಂದಳು ಕಿತೇರಿಯ.

“ಎಲ್ಲಕ್ಕಿಂತ ಮೊದಲು ದೇವರು” ಎಂದರು ವಿಗಾರರು.

“ದೇವ್ರಿಗೆ ಹತ್ತು ಹಾಕಿದ್ರೆ ನಂಗೆ ಹನ್ನೊಂದು ಬೇಕು. ಇವ್ನು ಹತ್ತರಿ ಹಿಡಿದು ಎರಡು ಪೆಟ್ಟಿಗೆ ಹಾಳ್ಮಾಡಿದಾನೆ” ಎಂದ ಬೊಸ್ತ್ಯಾಂವ್.

“ಹನ್ನೊಂದಾ? ದೇವರಿಗಿಂತ ಮೇಲೆ ಹೋಗ್ತೀಯೇನೋ, ಪಾಪಿ?”

“ನೀವು ಪಿಟೀಲು ಬಾರಿಸೋದು ಕೇಳಿದ್ಮೇಲೆ ಪಾಪಿ ಯಾರು ಅಂತ ಊರಿಗೇ ಗೊತ್ತು, ಫಾದರ್!”

ನಾಲ್ಕು ಕೈಗಳು ಹಾಳೆಯ ಮೇಲೆ ಬಿದ್ದವು. ಜಾಸಿಂತನೊಳಗೆ ಆರು ವಾರದಿಂದ ಮಡಿಚಿ ಇಟ್ಟಿದ್ದ ಏನೋ ಒಂದು ಫಟ್ಟನೆ ಬಿಚ್ಚಿಕೊಂಡಿತು. ಅವನು ಎದ್ದು ನಿಂತು, ಪೆನ್ನನ್ನು ಅಂಗಳಕ್ಕೆ ಎಸೆದ.

“ಅದು ಅಂಕ ಅಲ್ಲ! ಗಂಟೆ! ಸೆಮಿನಾರಲ್ಲಿ ನಂಗೆ ನಿದ್ದೆ ಬಂದಿತ್ತು. ದಿನಕ್ಕೆ ಎಷ್ಟು ಗಂಟೆ ಅಂತ ತಿಳ್ಕೊಂಡು ಬರೆದೆ. ದೇವ್ರಿಗೆ ದಿನಾ ಒಂದು ಗಂಟೆ ಕೊಡ್ತಿದ್ದೆ, ಫಾದರ್. ಮಾಯ್, ನಿಮಗೊಂದು ಗಂಟೆ. ಬೊಸ್ತ್ಯಾಂವ್, ನಿಂಗೆ ಮೂರು ಗಂಟೆ. ಕೂಡಿಸಿ ನೋಡಿ, ಇಪ್ಪತ್ತನಾಲ್ಕು ಬರತ್ತೆ! ಮತ್ತೆ ಕೆಲಸ? ಎರಡು ಗಂಟೆ! ಹೌದು, ಎರಡೇ ಗಂಟೆ ಕೆಲಸ ಮಾಡ್ತೀನಿ. ಮರ ಎಣಿಸಲ್ಲ. ಮಧ್ಯಾಹ್ನ ಮನೇಲಿ ಮಲಗ್ತೀನಿ. ನೌಕರಿ ಬೇಕಾದ್ರೆ ತಗೊಳ್ಳಿ ಮೇಡಂ, ಆದ್ರೆ ದಯವಿಟ್ಟು ಆ ಕುರ್ಚಿಯಿಂದ ಏಳಿ!”

ಮೊದಲು ಚೇತರಿಸಿಕೊಂಡದ್ದು ವಿಗಾರರು.

“ದಿನಾ ಒಂದು ಗಂಟೆ?” ಎಂದರು ಮೆಲ್ಲನೆ. “ನನಗೇ ಕೆಲವು ದಿನ ಅಷ್ಟು ಆಗಲ್ಲ.”

“ನಂಗೆ ಮೂರು ಗಂಟೆ” ಎಂದ ಬೊಸ್ತ್ಯಾಂವ್, ಕಣ್ಣೊರೆಸಿಕೊಂಡು. “ಜಾಸಿಂತ್, ಪೆಟ್ಟಿಗೆ ಸಡಿಲವಾಗೇ ಮಾಡ್ತೀನಿ ರೇ. ಹೊರಳೋಕೂ ಜಾಗ ಇರತ್ತೆ.”

ಆಮೇಲೆ ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ಎಲ್ಲರೂ ಒಟ್ಟಿಗೆ ಆರಾಮ ಕುರ್ಚಿಯ ಕಡೆ ತಿರುಗಿದರು. ಜಾಸಿಂತ್ ಕಣ್ಣು ಮುಚ್ಚಿಕೊಂಡು ತೀರ್ಪಿಗೆ ಕಾದ.

ಕುರ್ಚಿಯಿಂದ ಬಂದದ್ದು ಒಂದು ಸಣ್ಣ, ಶಿಸ್ತಿನ ಗೊರಕೆ.

ಮೇಡಮ್ಮಿನ ತಲೆ ಬಲಗಡೆಗೆ ವಾಲಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಕುರ್ಚಿಯೂ ಸೋಲ್‌ಕಡಿಯೂ ಸೇರಿ ಮಾಡಬೇಕಾದ ಕೆಲಸವನ್ನು ಮಾಡಿ ಮುಗಿಸಿದ್ದವು.

“ಯಾವಾಗ ಮಲಗಿದ್ರು?” ಎಂದು ಜಾಸಿಂತ್ ತುಟಿಯಲ್ಲೇ ಕೇಳಿದ.

“ದೇವರು ಮೊದಲು ಅಂದೆನಲ್ಲ, ಅದಕ್ಕೂ ಮುಂಚೆ” ಎಂದರು ವಿಗಾರರು ಅದೇ ದನಿಯಲ್ಲಿ, ಹಾಗೂ ಶಿಲುಬೆಯ ಗುರುತು ಮಾಡಿಕೊಂಡರು.

ಕಿತೇರಿಯ ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ತೋರಿಸಿದಳು. ಊರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿಯಿತು. ಆದರೆ ನಾಲ್ವರು ಹಕ್ಕುದಾರರು ಹೋಗುವ ಮುಂಚೆ ಹಾಳೆಯ ಸುತ್ತ ಸೇರಿದರು. ಮೇಡಂ ಎದ್ದಾಗ ಖಾಲಿ ಚಕ್ರ ಇರುವಂತಿಲ್ಲ. ಬೊಸ್ತ್ಯಾಂವ್ ಅಂಗಳದಿಂದ ಪೆನ್ನು ಹೆಕ್ಕಿಕೊಂಡು ಬಂದ. ಮಾಯ್ ತನ್ನ ಕೈಯಾರೆ ಹತ್ತು ಬರೆದಳು. ಬೊಸ್ತ್ಯಾಂವ್ ಹತ್ತು. ವಿಗಾರರು ವಿನಯಕ್ಕೆಂದು ಒಂದು ಬಿಟ್ಟು ಒಂಬತ್ತು ಬರೆದು, ದೇಹಕ್ಕೆ ಎಂಟು ಕೊಟ್ಟರು. ವಿನೋದಕ್ಕೆ ಎಲ್ಲರೂ ಸೇರಿ ನಾಲ್ಕಕ್ಕೆ ಒಪ್ಪಿದರು.

“ಕೆಲಸಕ್ಕೆ?” ಎಂದು ಪಿಸುಗುಟ್ಟಿದ ಬೊಸ್ತ್ಯಾಂವ್.

“ಆರು ಹಾಕು” ಎಂದಳು ಕಿತೇರಿಯ. “ಏಳು ಅಂದ್ರೆ ನಂಬಲ್ಲ.”

ದಾಂಪತ್ಯದ ಮುಂದೆ ಅವಳು ಏನನ್ನೋ ಬರೆದು ಕೈಯಿಂದ ಮುಚ್ಚಿಕೊಂಡಳು. ವಿಶ್ರಾಂತಿಯ ಭಾಗ ಮಾತ್ರ ಉಳಿಯಿತು. ಜಾಸಿಂತ್ ಪೆನ್ನು ತೆಗೆದುಕೊಂಡು, ಇಡೀ ಚಕ್ರದಲ್ಲಿ ತಾನಾಗಿ ಬರೆದ ಒಂದೇ ಒಂದು ಅಂಕಿಯನ್ನು ದಪ್ಪಗೆ ತಿದ್ದಿ ಬರೆದ. ಸೊನ್ನೆ.

ನಾಲ್ಕಕ್ಕೆ ಇಗರ್ಜಿಯ ಗಂಟೆಗೆ ಮೇಡಂ ಕಣ್ಣು ಬಿಟ್ಟರು. ಸ್ವಲ್ಪ ಹೊತ್ತು ತಾವು ಯಾರು ಎಂಬುದು ಅವರಿಗೆ ತಿಳಿದಂತೆ ಕಾಣಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು, “ಮುಗೀತಾ?” ಎಂದರು.

“ಮುಗೀತು, ಮೇಡಂ.”

ಅವರು ಹಾಳೆ ಓದಿದರು. ಮೇಲಿನಿಂದ ಕೆಳಗೆ ಬಂದು, ಸೊನ್ನೆಯ ಹತ್ತಿರ ನಿಂತರು. ಬಾಡಿದ ಜಾಸಿಂತನನ್ನು ನೋಡಿದರು. ತಾವು ಕೂತ ಕುರ್ಚಿಯ ತೋಳನ್ನು ಒಮ್ಮೆ ಮುಟ್ಟಿ ನೋಡಿದರು.

“ಇದು ಸಮತೋಲನ ಅಲ್ಲ, ರೆಬೆಲೊ. ಇದು ಆತ್ಮಹತ್ಯೆ. ಈ ಬಿಸಿಲಲ್ಲಿ ಮರ ಎಣಿಸ್ತಾ ತಿರುಗಿದ್ರೆ ಮನುಷ್ಯ ಉಳೀತಾನೇನ್ರಿ?”

ಮೂರನೇ ದಿನ ಲಿಖಿತ ಆದೇಶ ಬಂತು. ನೌಕರರ ಆರೋಗ್ಯದ ಹಿತದೃಷ್ಟಿಯಿಂದ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ತೆಂಗಿನಮರಗಳ ಗಣತಿ ನಿಷಿದ್ಧ. ಆದೇಶ ಸರಿಯಾಗಿ ಪಾಲನೆಯಾಗುತ್ತಿದೆಯೇ ಎಂಬುದನ್ನು ಪ್ರತಿ ಬುಧವಾರ ಮೇಲಧಿಕಾರಿಗಳು ಕುಸ್ಮೊರೊಡದಲ್ಲಿ ಖುದ್ದು ಪರಿಶೀಲಿಸತಕ್ಕದ್ದು. ಊಟದ ಸಮೇತ ಎಂದು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಬುಧವಾರ ತಾನು ಚಾಪೆಯ ಮೇಲೆ ಮಲಗಬೇಕಾಗುತ್ತದೆ ಎಂಬುದು ಜಾಸಿಂತನಿಗೆ ಅರ್ಥವಾಯಿತು. ದೊಡ್ಡ ನಷ್ಟವಲ್ಲ ಎಂದುಕೊಂಡ.

ಆದೇಶ ಬಂದ ದಿನ ಗುರುವಾರ. ಪಿಟೀಲು ಪೆಟ್ಟಿಗೆ ಸೇರಿತ್ತು. ನಾಯಿಗಳು ರಸ್ತೆಗೆ ಮರಳಿದ್ದವು. ಊಟ ಮುಗಿಸಿ, ಒಂದೂಕಾಲಿಗೆ ಸರಿಯಾಗಿ, ಸರ್ಕಾರದ ಅಪ್ಪಣೆಯನ್ನು ಜೇಬಿನಲ್ಲಿಟ್ಟುಕೊಂಡು ಜಾಸಿಂತ್ ರೆಬೆಲೊ ತನ್ನ ಕುರ್ಚಿಯಲ್ಲಿ ಕಾಲು ಚಾಚಿದ. ಬೆತ್ತ ಹಿತವಾಗಿ ಕಿರುಗುಟ್ಟಿತು. ರೆಪ್ಪೆಗಳು ಇಳಿದವು.

ಕಿತೇರಿಯ ಒಂದು ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು.

“ಜಾಸಿಂತ್.”

“ಹೂಂ.”

“ದೇವ್ರಿಗೆ ಒಂದು ಗಂಟೆ, ಅದು ಸಂಜೆ ಜಪಸರ. ಗೊತ್ತಾಯ್ತು. ಮಾಯ್‌ಗೆ ಒಂದು, ಅದು ಆಫೀಸಿಗೆ ಹೋಗೋ ಮುಂಚೆ. ದೇಹಕ್ಕೆ ಒಂದು, ತವೆರ್ನಕ್ಕೆ ನಡ್ಕೊಂಡು ಹೋಗಿಬರೋದು. ಎಲ್ಲಾ ಕೂಡಿಸಿದೆ. ಸರಿಬಂತು.” ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದಳು. “ದಾಂಪತ್ಯಕ್ಕೆ ಅಂತ ದಿನಾ ಒಂದು ಗಂಟೆ ಕೊಡ್ತಿದ್ಯಲ್ಲ. ಅದು ಯಾವ ಹೊತ್ತಿನದು?”

ಜಾಸಿಂತ್ ಮುಚ್ಚಿದ ಕಣ್ಣಿನೊಳಗೇ ಬೆಳಗಿನಿಂದ ರಾತ್ರಿಯವರೆಗೆ ಹುಡುಕಿದ. ರಾತ್ರಿಯಿಂದ ಬೆಳಗಿನವರೆಗೂ ಹುಡುಕಿದ. ಎಲ್ಲೂ ಸಿಗಲಿಲ್ಲ. ಆಗ ಅವನು, ಗೃಹಸ್ಥನಿಗೆ ಉಳಿದಿರುವ ಕೊನೆಯ ಉಪಾಯವಾಗಿ, ನಿಧಾನವಾಗಿ ಗೊರಕೆ ಹೊಡೆಯಲು ಆರಂಭಿಸಿದ.

“ಮಲ್ಕೋ, ಮಲ್ಕೋ” ಎಂದಳು ಕಿತೇರಿಯ, ಹೊಲಿಗೆಯ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತ. “ನಂಗೇನೂ ಅವಸರ ಇಲ್ಲ. ಏಳೋ ತನಕ ಇಲ್ಲೇ ಕೂತಿರ್ತೀನಿ.”

ಆ ಮಧ್ಯಾಹ್ನ ಇಡೀ ಕುಸ್ಮೊರೊಡ ಆರು ವಾರದ ಬಾಕಿ ನಿದ್ದೆಯನ್ನೆಲ್ಲ ತೀರಿಸಿಕೊಂಡಿತು. ನಾಲ್ಕು ಗಂಟೆಯವರೆಗೆ ನಿದ್ದೆಯೇ ಬಾರದೆ, ಎಡೆಬಿಡದೆ ಗೊರಕೆ ಹೊಡೆದವನು ಅವನೊಬ್ಬನೇ.